ಬೆನ್ನ ಮೇಲಿನ ಬರೆ

ಹತ್ಸು ಕ್ಷಮೆ ಅರಿಯದ ಹೆಂಗಸು. ಯಾರಾದರೂ ಕೆಡುಕು ಮಾಡಿದರೆ ಅದನ್ನು ಉಪ್ಪಿನಕಾಯಿಯಂತೆ ಭದ್ರವಾಗಿ ಮುಚ್ಚಿಟ್ಟು, ಹಳತಾದಷ್ಟೂ ರುಚಿ ಎಂದು ಚಪ್ಪರಿಸುವವಳು. ನಾನಾಓ ಬಂದರಿನ ಹಿಂಬೀದಿಯಲ್ಲಿ, ಬೀದಿಯವರೆಲ್ಲ ಕಾಸು ಕೊಟ್ಟು ಮೀಯುವ ಸ್ನಾನದ ಮನೆಯೊಂದು ಅವಳದು. ಹೆಂಗಸರ ಕಡೆ, ಗಂಡಸರ ಕಡೆ ಎರಡೂ ಕಾಣುವ ಎತ್ತರದ ಪೀಠದಲ್ಲಿ ಕೂತು ಅವಳು ಕಾಸು ಪಡೆಯುತ್ತಿದ್ದಳು. ಬೀದಿಯವರೆಲ್ಲರ ಮೈ ಅವಳಿಗೆ ಗೊತ್ತು.

ಅವಳ ದೊಡ್ಡ ಹಗೆ ಯೊನೆಯ ಮೇಲೆ. ಹತ್ಸುವಿನ ಮದುವೆ ಇನ್ನೇನು ಗೊತ್ತಾಗಬೇಕು ಎನ್ನುವಾಗ ಗಂಡಿನ ಕಡೆಯವರು ವಾಡಿಕೆಯಂತೆ ನೆರೆಹೊರೆಯಲ್ಲಿ ವಿಚಾರಿಸಲು ಬಂದಿದ್ದರು. ಪಕ್ಕದ ಮನೆಯ ಯೊನೆ ತಲೆ ತಗ್ಗಿಸಿ, ಮರುಕಪಡುವವಳಂತೆ, "ಪಾಪ, ಹುಡುಗಿಗೆ ಕ್ಷಯ" ಎಂದಳು. ಸಂಬಂಧ ಮುರಿಯಿತು. ಅದೇ ಗಂಡಿಗೆ ಯೊನೆಯ ತಂಗಿಯನ್ನು ಕೊಟ್ಟರು. ಹತ್ಸುವನ್ನು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಚಿಕ್ಕಪ್ಪನ ಸ್ನಾನದ ಮನೆಯ ಪೀಠ ಹತ್ತಿದವಳು ಅಲ್ಲೇ ಮುದುಕಿಯಾದಳು. ಯೊನೆ ಅಂದಿನಿಂದ ಈ ಹೊಸಿಲು ತುಳಿದವಳಲ್ಲ. ಸ್ನಾನಕ್ಕೆ ಬಂದರಿನ ಆಚೆಗೆ ನಡೆದುಹೋಗುತ್ತಿದ್ದಳು. ಮನೆಯ ಮಕ್ಕಳು ಮಾತ್ರ ಇಲ್ಲಿಗೇ ಬರುತ್ತಿದ್ದರು.

ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಯೊನೆಯ ಮೊಮ್ಮಗಳು ಫುಮಿಕೊಳನ್ನು ವಾಜಿಮಾದ ಅರಗಿನ ಬಟ್ಟಲು ಮಾಡುವ ಮನೆಯವರು ಕೇಳಿದರು. ಗಂಡಿನ ಸೋದರತ್ತೆ ನೇರವಾಗಿ ಹತ್ಸುವಿನ ಮುಂದೆ ಬಂದು ನಿಂತಳು.

"ಬೀದಿ ತುಂಬಾ ಹೊಗಳ್ತಾರೆ. ಹೊಗಳೋಕೇನು, ನಾಲಿಗೆ ಸವೆಯುತ್ತಾ? ನಿಮಗೆ ಆ ಮನೆ ಕಂಡ್ರಾಗಲ್ಲ ಅಂತ ಕೇಳಿದೆ, ಅದಕ್ಕೇ ಬಂದೆ. ಹುಡುಗಿ ಬೆನ್ನ ಮೇಲೆ ಕಲೆ ಇದೆಯಂತೆ. ಕುಷ್ಠ ಅಂತಾರೆ. ನೀವು ನೋಡಿರ್ತೀರಲ್ಲ?"

ಸುಳ್ಳು ಹೇಳುವುದೂ ಬೇಕಿರಲಿಲ್ಲ. ತಲೆ ತಗ್ಗಿಸಿ ಒಂದು ನಿಟ್ಟುಸಿರು ಬಿಟ್ಟರೆ ಫುಮಿಕೊಳ ಬಾಳು ಮುಗಿದಂತೆ. ಅವಳ ಹಿಂದಿನ ಇಬ್ಬರು ತಂಗಿಯರದೂ. ಹತ್ಸು ಆ ನಿಟ್ಟುಸಿರನ್ನು ಎದೆಯಲ್ಲೇ ಇಟ್ಟುಕೊಂಡು ತುಸು ಹೊತ್ತು ಸವಿದಳು.

"ಬರೆ ಕಣ್ರೀ ಅದು," ಎಂದಳು ಕೊನೆಗೆ. "ಚಿಕ್ಕೋಳಿದ್ದಾಗ ಹಾಸಿಗೇಲಿ ಉಚ್ಚೆ ಹೊಯ್ಕೋತಾಳೆ ಅಂತ ಅವರಜ್ಜಿ ಮಾಚಿಪತ್ರೆ ಉಂಡೆ ಇಟ್ಟು ಸುಡಿಸಿದ್ದು. ಗಾಯ ಹಸಿ ಇದ್ದಾಗಿಂದ ನೋಡಿದೀನಿ. ಆ ಮನೆ ನೆರಳೂ ನಂಗಾಗಲ್ಲ. ಆದ್ರೆ ಹುಡುಗಿ ಮೈಯಲ್ಲಿ ರೋಗ ಇಲ್ಲ."

ಹಗೆಯವಳ ಬಾಯಿಂದಲೇ ಬಂದ ಮಾತಿಗೆ ಮೇಲ್ಮಾತಿಲ್ಲ. ಮದುವೆ ಗೊತ್ತಾಯಿತು. ಒಲೆಗೆ ಸೌದೆ ಹಾಕುವ ಮುದುಕ ಗೆಂಜೊ ತಡೆಯಲಾರದೆ ಕೇಳಿಯೇಬಿಟ್ಟ: "ಸುಮ್ನಿದ್ದಿದ್ರೆ ಸೇಡು ತೀರ್ತಿತ್ತಲ್ಲ, ಅಕ್ಕಾ?"

"ತೀರ್ತಿತ್ತು. ನಾನೂ ಅವಳಂಥೋಳೇ ಆಗ್ತಿದ್ದೆ. ಆಮೇಲೆ ಯಾರ ಮುಖಕ್ಕೆ ಉಗೀಲಿ? ನನ್ನ ಋಣ ಹೊತ್ಕೊಂಡು ಸಾಯ್ಲಿ ಮುದುಕಿ. ದಿನಾ ನೆನೆಸ್ಕೊಂಡು ಸಾಯ್ಲಿ."

ಮದುವೆಯ ಮರುದಿನ ಸ್ನಾನದ ಮನೆಯ ಬಾಗಿಲು ತೆರೆಯುತ್ತಲೇ ಯೊನೆ ಬಂದಳು. ಬೆನ್ನು ಬಾಗಿತ್ತು. ಕೈಯಲ್ಲಿ ಮದುವೆಗೆಂದು ಮಾಡಿದ ಕೆಂಪು ಅವರೆ ಅನ್ನದ ಡಬ್ಬಿ. ಬಟ್ಟೆ ಬಿಚ್ಚುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು.

"ಹತ್ಸು, ನಿನ್ನ ಉಪಕಾರ ಏಳು ಜನ್ಮಕ್ಕೂ..."

"ಸ್ನಾನಕ್ಕೆ ಬಂದಿದ್ರೆ ಕಾಸು ಇಡು. ಅಡ್ಡಬೀಳೋಕೆ ಬಂದಿದ್ರೆ ದೇವಸ್ಥಾನ ಆ ಬೀದೀಲಿದೆ."

ಯೊನೆ ಕಾಸು ಇಟ್ಟಳು. "ಅವತ್ತು ನಾನು..."

"ಇವರಿಗೆಲ್ಲಾ ಕೇಳಿಸ್ಬೇಕು. ಜೋರಾಗಿ ಹೇಳು."

"ಹತ್ಸುಗೆ ಕ್ಷಯ ಇರಲಿಲ್ಲ," ಎಂದಳು ಯೊನೆ, ಎಲ್ಲರಿಗೂ ಕೇಳುವಂತೆ. "ತಂಗಿಗೆ ಆ ಗಂಡು ಸಿಗಲಿ ಅಂತ ನಾನು ಸುಳ್ಳು ಹೇಳಿದೆ."

ಇದೊಂದು ಮಾತಿಗಾಗಿ ಹತ್ಸು ಬದುಕೆಲ್ಲ ಕಾದಿದ್ದಳು. ಕೇಳಿಯಾಯಿತು. ಅನ್ನದ ಡಬ್ಬಿಯನ್ನು ಕಣ್ಣೆತ್ತಿ ಕೂಡ ನೋಡಲಿಲ್ಲ.

ಯೊನೆ ಮೈ ತೊಳೆದುಕೊಂಡು, ಎಲ್ಲರೂ ಇಳಿದು ಕೂರುವ ಬಿಸಿನೀರಿನ ತೊಟ್ಟಿಯ ಬಳಿಗೆ ಹೋದಳು. ಬಾಗಿಲು ತೆರೆದ ಹೊತ್ತಿನ ನೀರು. ಗಟ್ಟಿಗರೂ ಹಲ್ಲು ಕಚ್ಚಿ ಇಳಿಯುವಷ್ಟು ಬಿಸಿ. ಮುದುಕಿ ಕಾಲಿಟ್ಟು ಚೀರಿ ಹಿಂದೆ ಸರಿದಳು. ಮತ್ತೆ ಇಟ್ಟಳು. ಯಾರನ್ನೂ ಏನೂ ಕೇಳುವ ಮುಖ ಅವಳಿಗಿರಲಿಲ್ಲ. ಹತ್ಸು ಪೀಠದ ಮೇಲಿಂದ ನೋಡುತ್ತಿದ್ದಳು. ಬೇಯಲಿ, ಅಂದುಕೊಂಡಳು.

ಆಮೇಲೆ ಗೊಣಗುತ್ತಾ ಪೀಠದಿಂದ ಇಳಿದಳು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು, ಗಿರಾಕಿಗಳು ಮುಟ್ಟಿದರೆ ತಾನೇ ಬೈಯುತ್ತಿದ್ದ ತಣ್ಣೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ತೊಟ್ಟಿಯಲ್ಲಿ ಕೈಯಾಡಿಸಿ, ಹದ ಬರುವ ತನಕ ಅಲ್ಲೇ ನಿಂತಿದ್ದಳು.