ದೊರೆಸಾನಿಯ ಬೆಕ್ಕಿನ ಪಥ್ಯ

ಸುಂಟಿಕೊಪ್ಪದ ಹತ್ತಿರ ಒಬ್ಬ ದೊರೆಯ ಕಾಫಿ ಎಸ್ಟೇಟಿನಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದ ಕಾಲ. ಅಲ್ಲಿ ದುಡಿಯುವವರಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. ಅದರ ಜಂಬವೂ ಸಾಕಷ್ಟಿತ್ತು. ದೊರೆಸಾನಿ ಒಂದು ತಿಂಗಳು ಊಟಿಗೆ ಹೊರಟಾಗ ತಮ್ಮ ಬಿಳಿ ಬೆಕ್ಕನ್ನು ಬಂಗಲೆ ಕೆಲಸದ ಅಜ್ಜಿಗೆ ಒಪ್ಪಿಸಿದರು. ಅದರ ಊಟದ ನಿಯಮವನ್ನು ಅಜ್ಜಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನದು. ಅನ್ನ, ಉಪ್ಪಿಲ್ಲದೆ ಬೇಯಿಸಿದ ಮೀನು. ಈರುಳ್ಳಿ, ಬೆಳ್ಳುಳ್ಳಿ ಬಿದ್ದದ್ದು ಯಾವುದೂ ಕೂಡದು.

ನನಗೆ ನಗು ತಡೆಯಲಾಗಲಿಲ್ಲ. ಬಾಣಂತಿಗೂ ಇಲ್ಲದ ಪಥ್ಯ ಬೆಕ್ಕಿಗೆ!

"ನಗ್ಬೇಡಿ ರೈಟ್ರೇ," ಅಂದಳು ಅಜ್ಜಿ. "ನಿಮ್ಮನೆ ಹತ್ರ ಬಂದ್ರೂ ಏನೂ ಹಾಕ್ಬೇಡಿ. ಅದಕ್ಕೇನಾದ್ರೂ ಆದ್ರೆ ನನ್ನ ಅನ್ನ ಹೋಯ್ತು."

"ಆಯ್ತು ಮಾರಾಯ್ತಿ," ಅಂದೆ.

ಅಷ್ಟರಲ್ಲಿ ನಮ್ಮ ಕೊಡಗಿನ ಕೈಲ್ ಮುಹೂರ್ತದ ಹಬ್ಬ ಬಂತು. ಕೋವಿಗೆ ಪೂಜೆ ಮಾಡಿ ಕಡುಬು, ಹಂದಿ ಸಾರು ಉಂಡೆವು. ನಮ್ಮಲ್ಲಿ ಹಬ್ಬದ ಹಂದಿ ಸಾರನ್ನು ಒಂದೇ ದಿನಕ್ಕೆ ಮುಗಿಸುವುದಿಲ್ಲ. ದಿನಾ ಕುದಿಸಿ ಇಟ್ಟು ವಾರವಿಡೀ ಉಣ್ಣುತ್ತೇವೆ. ಕೊನೆಕೊನೆಗೆ ಮಡಕೆಯಲ್ಲಿ ಉಳಿಯುವುದು ಕರಗಿದ ಈರುಳ್ಳಿಯೇ. ಬೆಕ್ಕು ಹಿತ್ತಲ ಬಾಗಿಲಿಗೆ ಬಂದು ಕೂತಿತು. ಹಬ್ಬದ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದರೆ ಮರ್ಯಾದೆಯೇ? ಅನ್ನಕ್ಕೆ ಸಾರು ಕಲಸಿ ಹಾಕಿದೆ. ತಟ್ಟೆ ನೆಕ್ಕಿ ತಿಂದಿತು. ಮನುಷ್ಯರು ಉಣ್ಣುವುದು ಬೆಕ್ಕಿಗೇನು ವಿಷವೇ ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದೆ. ಐದು ದಿನ ಹೀಗೇ ನಡೆಯಿತು.

ಆರನೆಯ ದಿನ ಅದು ಬರಲಿಲ್ಲ. ಬಂಗಲೆಗೆ ಹೋಗಿ ನೋಡಿದರೆ ಅಜ್ಜಿಯ ಮಡಿಲಲ್ಲಿ ಏದುಸಿರು ಬಿಡುತ್ತ ಮಲಗಿತ್ತು. ಒಸಡು ಬಿಳಿಚಿಕೊಂಡಿತ್ತು, ಉಚ್ಚೆ ಕರಿಕಾಫಿಯ ಬಣ್ಣಕ್ಕೆ ತಿರುಗಿತ್ತು. "ಏನು ತಿಂತೋ ದೇವ್ರೇ," ಎಂದು ಅವಳು ಅಳುತ್ತಿದ್ದಳು. ನಾನು ಹಾಜರಿಯ ನೆಪ ಹೇಳಿ ಮೆಲ್ಲಗೆ ಜಾರಿಕೊಂಡೆ. ಎರಡು ದಿನಕ್ಕೆ ಬೆಕ್ಕು ಸತ್ತಿತು. ಈರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತದೆ, ಬೇಯಿಸಿದರೂ ಅದರ ನಂಜು ಹೋಗುವುದಿಲ್ಲ ಎಂದು ದನದ ಡಾಕ್ಟರೊಬ್ಬರು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆದರೆ ತಪ್ಪು ಯಾರದೆಂದು ನನಗೆ ಅಂದೇ ಗೊತ್ತಿತ್ತು.

ದೊರೆಸಾನಿ ಬಂದವರೇ ವಿಚಾರಣೆಗೆ ನಿಂತರು. ಮಾತು ದಾಟಿಸುವವನು ಮತ್ತೆ ನಾನೇ.

"ಅನ್ನ, ಮೀನು ಬಿಟ್ಟು ಬೇರೇನೂ ಹಾಕಿಲ್ಲ, ದೇವರಾಣೆ. ಹೇಳಿ ರೈಟ್ರೇ," ಅಂದಳು ಅಜ್ಜಿ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು: ಏನು ಹಾಕಿದಳೋ ಅವಳಿಗೆ ನೆನಪಿಲ್ಲವಂತೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ಮರುದಿನದಿಂದ ಅವಳಿಗೆ ಬಂಗಲೆ ಕೆಲಸ ತಪ್ಪಿತು. ಆ ವಯಸ್ಸಿನಲ್ಲಿ ಕಳೆ ಕೀಳುವವರ ಜೊತೆ ಮಳೆಗೂ ಜಿಗಣೆಗೂ ಮೈಯೊಡ್ಡಿದಳು. ಬೆಳಿಗ್ಗೆ ಹಾಜರಿ ಕೂಗುವಾಗ ಅವಳ ಹೆಸರು ಬಂದರೆ ನಾನು ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಅವಳೇ ಹತ್ತಿರ ಬಂದಳು. ಕಂಬಳಿ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ಸೆರಗಿನ ಗಂಟಿನಿಂದ ಎರಡು ಕಿತ್ತಳೆ ತೆಗೆದು ನನ್ನ ಮುಂದೆ ಹಿಡಿದಳು.

"ಅವತ್ತು ನೀವು ನನ್ನ ಪರ ಮಾತಾಡಿದ್ದಕ್ಕೇ ದೊರೆಸಾನಿ ನನ್ನನ್ನ ಎಸ್ಟೇಟಿಂದ ಓಡಿಸ್ಲಿಲ್ಲ. ಮಕ್ಕಳಿಗೆ ಕೊಡಿ ರೈಟ್ರೇ."

ನಾನು ಆ ಹಣ್ಣನ್ನೂ ತೆಗೆದುಕೊಂಡೆ.