ಎಡಗಡೆಯ ಮೊದಲ ಮರ

ಗೇಮ್ ಕಂಪನಿಯವರು ಕಚೇರಿ ಮುಚ್ಚಿ, ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದಾಗ ಅವಳಿಗೆ ಮೊದಮೊದಲು ಖುಷಿಯೇ ಆಗಿತ್ತು. ಬರುಬರುತ್ತಾ ಸಂಜೆ ತಂಗಿಯ ಫೋನ್ ಬಂದರೆ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗ್ಗಿನಿಂದ ಯಾರೊಡನೆಯೂ ಮಾತಾಡಿರುತ್ತಿರಲಿಲ್ಲ.

ಅವಳು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದದ್ದು ಒಂದು ಕಾಡು. ಆಡುವವರು ಮೈಕಿನ ಮುಂದೆ ಗುನುಗಿದರೆ ಗೇಮಿನ ಸಾಫ್ಟ್‌ವೇರ್ ಆ ದನಿಯನ್ನು ಆ ಕ್ಷಣವೇ ಬಿಡಿಸಿ, ದಪ್ಪ ಸ್ವರದಿಂದ ಕೀರಲು ಸ್ವರದವರೆಗೆ ಪಾಲು ಮಾಡುತ್ತಿತ್ತು. ಒಂದೊಂದು ಪಾಲಿಗೆ, ಎಡದಿಂದ ಬಲಕ್ಕೆ, ಒಂದೊಂದು ಮರ. ಸದ್ದು ಹೆಚ್ಚಿದಷ್ಟೂ ಮರ ಎತ್ತರ. ಎಲ್ಲ ಸರಿಯಾಗಿತ್ತು, ಎಡಗಡೆಯ ಮೊದಲ ಮರವೊಂದನ್ನು ಬಿಟ್ಟು. ಕೋಣೆಯಲ್ಲಿ ಯಾವ ಸದ್ದೂ ಇಲ್ಲದಾಗಲೂ ಅದು ಮೆಲ್ಲಗೆ ಏರಿ, ಮೆಲ್ಲಗೆ ಇಳಿಯುತ್ತಿತ್ತು.

ಅಷ್ಟು ಕೆಳಗಿನ ದನಿಯನ್ನು ಕತ್ತರಿಸಿಬಿಡಿ ಎಂದರು ಮ್ಯಾನೇಜರ್. ಹಾಗೆ ಮಾಡಿದರೆ ದಪ್ಪ ಗಂಟಲಿನವರು ಎಷ್ಟು ಗುನುಗಿದರೂ ಆ ಮರ ಏಳುವುದಿಲ್ಲ ಎಂದು ಇವಳ ಹಟ. ಫ್ಯಾನ್ ಆರಿಸಿದಳು, ಫ್ರಿಜ್ ಆರಿಸಿದಳು. ಮರದ ಏರಿಳಿತ ನಿಲ್ಲಲಿಲ್ಲ. ಕೊನೆಗೆ ಮೈಕನ್ನು ಮೇಜಿನಿಂದ ಎತ್ತಿ ಕೈಯಲ್ಲಿ ಹಿಡಿದಾಗ ಮರ ಸುಮ್ಮನಾಯಿತು. ಮೇಜು ತಾಗಿದ್ದ ಗೋಡೆಗೆ ಅಂಗೈ ಇಟ್ಟು ನೋಡಿದಳು. ಗೋಡೆ ಸಣ್ಣಗೆ ನಡುಗುತ್ತಿತ್ತು.

ಪಕ್ಕದ ಮನೆಯ ಬಾಗಿಲು ತೆರೆದವರು ಒಬ್ಬ ಮುದುಕರು. ಮೂಗಿಗೆ ಕೊಳವೆ. ಹಿಂದೆ, ಗೋಡೆಗೊರಗಿ ಗುಂಯ್‌ಗುಡುವ ಆಕ್ಸಿಜನ್ ಮೆಷಿನ್.

"ಸದ್ದು ಜಾಸ್ತಿ ಆಯ್ತೇನಮ್ಮ? ಆರಿಸೋಕೆ ಮಾತ್ರ ಆಗಲ್ಲ ನೋಡು."

ಅವಳಿಗೆ ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. "ಸದ್ದೇನೂ ಇಲ್ಲ ತಾತ, ಸುಮ್ನೆ ಮಾತಾಡ್ಸಿ ಹೋಗೋಣ ಅಂತ ಬಂದೆ" ಎಂದು ಸುಳ್ಳು ಹೇಳಿದಳು. ಹೇಳಿದ ಮೇಲೆ ಮಾತಾಡಿಸಲೇಬೇಕಾಯಿತು.

ಅವರು ಬಸ್ ಡ್ರೈವರ್ ಆಗಿದ್ದವರು. ಜೀವಮಾನವೆಲ್ಲ ಇಂಜಿನ್ ಪಕ್ಕ ತಾನು ಕೂತೆ, ಈಗ ಇಂಜಿನ್ನೇ ಬಂದು ತನ್ನ ಪಕ್ಕ ಕೂತಿದೆ ಎಂದು ನಕ್ಕರು, ನಗು ಕೆಮ್ಮಾಯಿತು. ಇನ್ನೊಂದು ದಿನ ಅವಳು ಲ್ಯಾಪ್‌ಟಾಪ್ ಒಯ್ದು ಕಾಡನ್ನು ತೋರಿಸಿದಳು. ಅವರು ಉಸಿರು ಕೂಡಿಸಿ ಹೂಂಕರಿಸಿದರು. ಎಡಗಡೆಯ ಮರಗಳು ದಡಬಡ ಎದ್ದವು. ಮುದುಕರು ಪರದೆಯ ಹತ್ತಿರಕ್ಕೆ ಬಗ್ಗಿ ಇನ್ನೊಮ್ಮೆ ಹೂಂಕರಿಸಿದರು.

ಮೇಜನ್ನು ಒಂದು ಗೇಣು ಈಚೆಗೆಳೆದಿದ್ದರೆ ತೊಂದರೆಯೇ ಇರುತ್ತಿರಲಿಲ್ಲ. ಅವಳು ಎಳೆಯಲಿಲ್ಲ. ಇನ್ನೂ ಹುಡುಕುತ್ತಿದ್ದೇನೆ ಎಂದು ಮ್ಯಾನೇಜರಿಗೆ ಸಬೂಬು ಹೇಳಿಕೊಂಡು ಬಂದಳು. ಕೆಲಸದ ನಡುವೆ ಆ ಮರದ ಕಡೆ ಒಮ್ಮೆ ಕಣ್ಣಾಡಿಸಿದರೆ ಮನಸ್ಸಿಗೆ ಏನೋ ಸಮಾಧಾನ.

ಒಂದು ಮಧ್ಯಾಹ್ನ ಮರ ನೆಲಕ್ಕೆ ಅಂಟಿಕೊಂಡಿತ್ತು.

ಬರಿಗಾಲಿನಲ್ಲೇ ಓಡಿದಳು. ಪಕ್ಕದ ಬಾಗಿಲಿಗೆ ಬೀಗ. ಕೆಳಗೆ ವಾಚ್‌ಮನ್, ಮಗಳು ಬಂದು ಮೆಷಿನ್ ಸಮೇತ ಕಾರಿನಲ್ಲಿ ಕರೆದುಕೊಂಡು ಹೋದಳು ಎಂದ.

"ನಿಮಗೆ ಹೇಳಿ ಹೋಗ್ಬೇಕು ಅಂತ ನಿಂತಿದ್ರಲ್ಲ ಮೇಡಂ. ಎಷ್ಟೊತ್ತು ಬಾಗಿಲು ತಟ್ಟಿದ್ರು."

ಆಗ ಅವಳು ಹೆಡ್‌ಫೋನ್ ಹಾಕಿಕೊಂಡು, ಹಕ್ಕಿಗಳ ಕೂಗು ಜೋಡಿಸುತ್ತಿದ್ದಳು.

ತೊಂದರೆ ಹೋಯಿತೇ ಎಂದು ಮ್ಯಾನೇಜರ್ ಕೇಳಿದಾಗ, ಹೋಯಿತು ಎಂದಳು. ಮುದುಕರ ಮಗಳ ನಂಬರನ್ನು ಮನೆ ಮಾಲೀಕರಿಂದ ಪಡೆಯಲು ಹಲವು ದಿನ ಹಿಡಿಯಿತು. ಫೋನೆತ್ತಿದ ಮಗಳು, ಅಪ್ಪ ಮಲಗಿದ್ದಾರೆ, ಎದ್ದ ಮೇಲೆ ತಿಳಿಸುತ್ತೇನೆ ಎಂದಳು.

"ಯಾರು ಅಂತ ಹೇಳ್ಲಿ?"

ಹೆಸರು ಅವರೂ ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

"ಪಕ್ಕದ ಮನೆಯವಳು ಅಂತ ಹೇಳಿ, ಸಾಕು."

ಆ ಸಂಜೆ ಫೋನನ್ನು ಕೈಗೆಟುಕುವಂತೆ ಇಟ್ಟುಕೊಂಡೇ ಅಡುಗೆ ಮಾಡಿದಳು. ತಂಗಿಯದು ಬಿಟ್ಟು ಬೇರೆ ಕರೆ ಬರಲಿಲ್ಲ.