ಬೋರ್ಡು ಮೇಷ್ಟ್ರ ಬ್ಲಾಗು

ವಾಚನಾಲಯದ ಅಟೆಂಡರನ್ನು ಊರೆಲ್ಲ ಬೋರ್ಡು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಒಂದು ದಿನವೂ ಪಾಠ ಹೇಳಿದವರಲ್ಲ. ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಮೂವತ್ತೆರಡು ವರ್ಷ, ದಿನಾ ಬೆಳಿಗ್ಗೆ ನಿನ್ನೆಯದನ್ನು ಒರೆಸಿ, ತಾವು ಕಂಡದ್ದನ್ನು ಎಂಟು ಸಾಲು ಬರೆದವರು. ಕ್ಷೌರಿಕ ಕನ್ನಡಿ ಬದಲಿಸಿದರೂ ಅವರಿಗೆ ಅದು ಸುದ್ದಿಯೇ. ನಿವೃತ್ತರಾದ ಮರುವಾರವೇ ಹಲಗೆ ಕಿತ್ತು ಗಾಜಿನ ಬಾಗಿಲು ಕೂರಿಸಿದರು. ಪಾಪ, ಮೇಷ್ಟ್ರಿಗೆ ಬಾಯಿ ಹೊಲಿದಂತಾಯಿತು.

ತಂಗಿಯ ಮಗಳು ಕನಿಕರಪಟ್ಟು ಬ್ಲಾಗ್ ತೆರೆದುಕೊಟ್ಟಳು.

"ಇಂಟರ್ನೆಟ್ಟಲ್ಲಿ ಇದು ನಿಮ್ಮದೇ ಬೋರ್ಡು ಅಂದ್ಕೊಳ್ಳಿ ಮಾವ. ಬರೆದು ಈ 'ಪ್ರಕಟಿಸಿ' ಅನ್ನೋದನ್ನ ಒತ್ತಿ. ಫೋನ್ ಇರೋರು ಯಾರು ಬೇಕಾದ್ರೂ ಓದ್ತಾರೆ, ಕೆಳಗೆ ತಮ್ಮ ಅಭಿಪ್ರಾಯಾನೂ ಹಾಕ್ತಾರೆ."

ಹಾಗೇ ಅತ್ತೆಯ ಫೋನಿನಲ್ಲೂ ಅದನ್ನು ತೆರೆದು ತೋರಿಸಿ, ತರಬೇತಿಗೆಂದು ಬೇರೆ ಊರಿಗೆ ಹೋದಳು.

ತಿಂಗಳಾದ ಮೇಲೆ ಬಂದರೆ ಮೇಷ್ಟ್ರ ಮೂಗಿನ ತುದಿಯಲ್ಲೇ ಕೋಪ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಕಣಮ್ಮ. ಒಬ್ಬನಾದ್ರೂ ಮಾತಾಡಿದ್ನಾ? ನಾಳೆಯಿಂದ ನಾನು ಬರೆಯಲ್ಲ."

ಅವಳು ತೆರೆದು ನೋಡಿದಳು. ಒಂದೇ ಬರಹ, ಅದೂ ಇವತ್ತಿನದು. "ಉಳಿದದ್ದೆಲ್ಲ ಎಲ್ಲಿ ಮಾವ?"

"ಒರೆಸಿದೆ. ಹಳೇದನ್ನ ಒರೆಸದೆ ಹೊಸದು ಎಲ್ಲಿ ಬರೀಲಿ?"

"ಅಯ್ಯೋ, ಇಲ್ಲಿ ಹಳೇದು ತಾನೇ ಕೆಳಗೆ ಹೋಗತ್ತೆ! ನೀವು ಕೆಳಗೆ ನೋಡದೇ ಒರೆಸಿದ್ರೆ ಜನ ಬರೆದದ್ದೂ ಅದರ ಜೊತೆ ಹೋಯ್ತು!" ನಗು ತಡೆಯಲಾಗದೆ, ಮೇಷ್ಟ್ರು ಒಮ್ಮೆಯೂ ಮುಟ್ಟದ ಇಮೇಲ್ ತೆರೆದಳು. ಜನ ಹಾಕಿದ ಅಭಿಪ್ರಾಯಗಳದ್ದೆಲ್ಲ ಅಲ್ಲಿ ಒಂದೊಂದು ಪ್ರತಿ ಬಂದಿತ್ತು. ಕ್ಷೌರಿಕ ಮೂರು ಸಲ ಬರೆದಿದ್ದ. 'ಅಡುಗೆಮನೆ' ಎಂಬ ಹೆಸರಿನವರೊಬ್ಬರು ದಿನಾ ಬರೆದಿದ್ದರು. ಅವರ ಕೊನೆಯದು ವಾರದ ಹಿಂದಿನದು: "ನಾನು ಬರೆದದ್ದನ್ನ ದಿನಾ ಅಳಿಸ್ತೀರಿ. ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳಿ, ಇನ್ಮೇಲೆ ಬರೆಯಲ್ಲ."

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. ವಾರದಿಂದ ಹೆಂಡತಿ ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮಂಡಿನೋವಿರಬೇಕು ಎಂದುಕೊಂಡಿದ್ದರು, ಮಹಾನುಭಾವರು.

ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು. "ನೀನು ಓದ್ತಿದ್ಯಾ? ಬೋರ್ಡಿದ್ದಾಗ ಒಂದಿನಾನೂ ಬಂದು ನೋಡ್ಲಿಲ್ಲ?"

ಆಕೆ ತರಕಾರಿ ಹೆಚ್ಚುತ್ತಲೇ ಹೇಳಿದರು. "ಬರದೆ ಏನು? ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಅಷ್ಟು ದೂರ ಬರೋ ಹೊತ್ತಿಗೆ ವಾಚನಾಲಯಕ್ಕೆ ಬೀಗ ಬಿದ್ದಿರ್ತಿತ್ತು. ಕತ್ತಲಲ್ಲಿ ಅಕ್ಷರ ಕಾಣ್ತಿರ್ಲಿಲ್ಲ. ಬೆಳಿಗ್ಗೆ ನೀವು ಒರೆಸಿಬಿಡ್ತಿದ್ರಿ."

ಮೇಷ್ಟ್ರು ಒಳಗೆ ಬಂದರು. ಸ್ಟೂಲು ಎಳೆದು ಪಕ್ಕದಲ್ಲೇ ಕೂತರು. "ಇವತ್ತಿಂದು ಓದಿ ಹೇಳ್ಲಾ?"

"ಬೇಡ, ನಾನೇ ಓದ್ಕೋತೀನಿ. ನಾಳೆಗೂ ಇರ್ಲಿ, ಅಷ್ಟೇ."